ದೋಟಿಯ ಈ ತುದಿಯಲ್ಲಿ ಒಂದು ಭುಜ ಇದೆ: ಇಶಾಡು ಕೊಯ್ಲಿಗೆ ಕೋಲು ಆರಿಸುವ ಲೆಕ್ಕ

ಮೇ ತಿಂಗಳಲ್ಲಿ ಕಾರವಾರದಿಂದ ಅಂಕೋಲೆಗೆ ಹೆದ್ದಾರಿ ಹಿಡಿದು ಹೋದರೆ ರಸ್ತೆ ಬದಿಯಲ್ಲಿ ಬುಟ್ಟಿ ಬುಟ್ಟಿ ಇಶಾಡು ಮಾವು ಕಾಣಸಿಗ್ತದೆ. ಅಂಕೋಲೆಯ ಕರಿ ಇಶಾಡಿಗೆ 2023ರಲ್ಲಿ ಜಿಐ ಟ್ಯಾಗ್ ಬಂದ ಮೇಲೆ ಈ ಹಣ್ಣಿನ ರುಚಿ, ಪರಿಮಳ, ರೇಟು ಎಲ್ಲದರ ಬಗ್ಗೆ ಬೇಕಾದಷ್ಟು ಬರಹ ಬಂದಿದೆ. ನಾವು ಇಲ್ಲಿ ಬರೆಯುತ್ತಿರುವುದು ಆ ಹಣ್ಣನ್ನು ಮರದಿಂದ ಇಳಿಸುವ ದೋಟಿಯ ಬಗ್ಗೆ, ಅದನ್ನು ಹಿಡಿದ ಕೈ ಮತ್ತು ಭುಜದ ಬಗ್ಗೆ.

ಇಶಾಡಿನ ಸಿಪ್ಪೆ ತೆಳು, ತಿರುಳು ಮೆತ್ತಗೆ. ಕೊಂಬೆ ಅಲುಗಿಸಿ ಉದುರಿಸಿದರೆ ಕೆಳಗೆ ಬೀಳುವುದು ಹಣ್ಣಲ್ಲ, ರಸಾಯನ! ತೊಟ್ಟು ಬುಡದಲ್ಲೇ ಕಿತ್ತು ಬಂದರೆ ಸೊನೆ ಹರಿದು ಸಿಪ್ಪೆ ಸುಟ್ಟ ಹಾಗೆ ಕಪ್ಪಾಗ್ತದೆ. ಹಾಗಾಗಿ ಒಂದೊಂದು ಹಣ್ಣನ್ನೂ ತೊಟ್ಟು ಸಮೇತ ಕತ್ತರಿಸಿ ಬಲೆಗೆ ಬೀಳಿಸಿ ಇಳಿಸಬೇಕು. ಅಂದ್ರೆ ಬುಟ್ಟಿಯಲ್ಲಿ ನೂರು ಹಣ್ಣಿದ್ದರೆ, ಯಾರೋ ಒಬ್ಬರು ದೋಟಿಯನ್ನು ಹತ್ತಿರ ಹತ್ತಿರ ನೂರು ಸಲ ಎತ್ತಿ, ಗುರಿ ಹಿಡಿದು, ಎಳೆದು, ಇಳಿಸಿದ್ದಾರೆ ಅಂತ ಅರ್ಥ. ಸಂಜೆ ಅವರು "ರಟ್ಟೆ ಬಿದ್ದು ಹೋಯ್ತು" ಅಂದರೆ ಅದು ಬರೀ ಮಾತಲ್ಲ. ಕೊಯ್ಲಿನ ಕೂಲಿಯಲ್ಲಿ ಮನೆ ನಡೆಸುವವರಿಗೆ ಭುಜವೇ ಬಂಡವಾಳ. ಅದು ಕೆಟ್ಟರೆ ಸೀಸನ್ನೇ ಹೋಯಿತು.

ಹೊಸ ದೋಟಿ ಕೊಳ್ಳುವಾಗ ಎಲ್ಲರೂ ಕೇಳುವ ಪ್ರಶ್ನೆ ಎರಡೇ: ಎಷ್ಟು ಉದ್ದ, ಎಷ್ಟು ತೂಕ? ಎರಡೂ ಬೇಕು, ಆದರೆ ಎರಡೂ ಸೇರಿದರೂ ಉತ್ತರ ಪೂರ್ತಿ ಆಗುವುದಿಲ್ಲ. ನಾವು ಮೊದಲ ವರ್ಷ ಕಲಿತ ಮೆಕ್ಯಾನಿಕ್ಸ್ ಇಲ್ಲಿ ಸರಿಯಾಗಿ ಕೆಲಸಕ್ಕೆ ಬರ್ತದೆ. ಪರೀಕ್ಷೆ ಮುಗಿದ ಮೇಲೆ ಅದನ್ನು ಮರೆತವರೂ ಧೈರ್ಯವಾಗಿ ಮುಂದೆ ಓದಿ. ಗುಣಾಕಾರ, ಭಾಗಾಕಾರ ಬಿಟ್ಟು ಬೇರೇನೂ ಇಲ್ಲ.

ಭುಜದೊಳಗೆ ಏನಾಗ್ತದೆ?

ಭುಜ ನಮ್ಮ ಮೈಯಲ್ಲಿ ಅತಿ ಹೆಚ್ಚು ಕಡೆಗೆ ತಿರುಗುವ ಕೀಲು. ತೋಳಿನ ಎಲುಬಿನ ದುಂಡು ತಲೆ ಒಂದು ಆಳವಿಲ್ಲದ ಗುಳಿಯಲ್ಲಿ ಕೂತಿದೆ. ಗುಳಿ ಆಳವಿಲ್ಲದ್ದರಿಂದಲೇ ಕೈ ಅಷ್ಟು ಸಲೀಸಾಗಿ ತಿರುಗ್ತದೆ, ಮತ್ತು ಅದೇ ಕಾರಣಕ್ಕೆ ಕೀಲನ್ನು ಜಾಗದಲ್ಲಿ ಹಿಡಿದಿಡುವ ಕೆಲಸ ಹೆಚ್ಚಾಗಿ ಸ್ನಾಯುಗಳ ಮೇಲೆ ಬೀಳ್ತದೆ. ಸುತ್ತ ಇರುವ ನಾಲ್ಕು ಸ್ನಾಯುಗಳ ಗುಂಪಿಗೆ ರೊಟೇಟರ್ ಕಫ್ ಅನ್ನುತ್ತಾರೆ. ಅವುಗಳಲ್ಲಿ ಮೇಲ್ಗಡೆ ಇರುವ ಸುಪ್ರಾಸ್ಪೈನೇಟಸ್ ಎಂಬ ಸ್ನಾಯುವಿನ ರಜ್ಜು, ಭುಜದ ಮೇಲಿನ ಎಲುಬಿನ ಚಾವಣಿಯ ಅಡಿಯಲ್ಲಿ ಇಕ್ಕಟ್ಟಾದ ಜಾಗದಲ್ಲಿ ಹಾದು ಹೋಗ್ತದೆ. ತೋಳು ಮೇಲೆತ್ತಿದಾಗ ಆ ಜಾಗ ಇನ್ನೂ ಕಿರಿದಾಗ್ತದೆ. ಭಾರ ಹಿಡಿದು ಮತ್ತೆ ಮತ್ತೆ ಎತ್ತುತ್ತಿದ್ದರೆ ರಜ್ಜು ಉಜ್ಜಿ ಉಜ್ಜಿ ಊದಿಕೊಳ್ಳಬಹುದು, ವರ್ಷಗಟ್ಟಲೆ ಹೀಗೇ ಆದರೆ ಹರಿಯಲೂಬಹುದು.

ಇನ್ನೊಂದು ವಿಷಯ. ಸ್ನಾಯು ಬಿಗಿಯಾಗಿ ಹಿಡಿದುಕೊಂಡೇ ಇದ್ದರೆ ಅದರೊಳಗಿನ ರಕ್ತ ಸಂಚಾರ ಕಡಿಮೆಯಾಗ್ತದೆ. ಹತ್ತು ಕೆ.ಜಿ. ಅಕ್ಕಿ ಚೀಲ ಎತ್ತಿ ಇಡುವುದಕ್ಕಿಂತ, ಒಂದು ಕೋಲನ್ನು ಅರ್ಧ ನಿಮಿಷ ಅಲುಗದಂತೆ ಮೇಲೆ ಹಿಡಿಯುವುದು ಬೇಗ ದಣಿಸುವುದು ಇದಕ್ಕೇ. ಕೊಯ್ಲಿನವರು ತೊಟ್ಟಿಗೆ ಗುರಿ ಹಿಡಿಯುವಾಗ ಮಾಡುವುದು ಅದನ್ನೇ.

ಕೆಲಸ ಮಾಡುವ ಭಂಗಿ ಎಷ್ಟು ಅಪಾಯ ಅಂತ ಅಂಕ ಕೊಡುವ 'ರುಲಾ' ಎಂಬ ವಿಧಾನ ಇದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಮೆಕಟಾಮ್ನಿ ಮತ್ತು ಕಾರ್ಲೆಟ್ 1993ರಲ್ಲಿ ಪ್ರಕಟಿಸಿದ್ದು. ಇಲ್ಲಿ ಅಂಕ ಜಾಸ್ತಿ ಬಂದಷ್ಟೂ ಕೆಟ್ಟದ್ದು, ನಮ್ಮ ಇಂಟರ್ನಲ್ಸ್‌ಗೆ ಪೂರ್ತಿ ಉಲ್ಟಾ. ಮೇಲ್ತೋಳು ಮೈಗೆ ಹತ್ತಿರ ಇದ್ದರೆ 1, ಮುಂದಕ್ಕೆ 45 ಡಿಗ್ರಿವರೆಗೆ ಎತ್ತಿದರೆ 2, 90 ಡಿಗ್ರಿವರೆಗೆ 3, ಅದಕ್ಕೂ ಮೇಲೆ ಹೋದರೆ 4. ಭುಜ ಕಿವಿಯ ಕಡೆ ಏರಿದ್ದರೆ ಇನ್ನೊಂದು, ತೋಳು ಪಕ್ಕಕ್ಕೆ ಅಗಲಿದ್ದರೆ ಮತ್ತೊಂದು. ಕತ್ತು ಹಿಂದಕ್ಕೆ ಬಗ್ಗಿಸಿ ಮೇಲೆ ನೋಡುವುದಕ್ಕೆ ನೇರವಾಗಿ 4. ತಲೆಗಿಂತ ಮೇಲೆ ಕೈ ಎತ್ತಿ ದೋಟಿ ಹಿಡಿದವರ ಅಂಕ ಲೆಕ್ಕ ಹಾಕಿ ನೋಡಿ, ಮಾಡುವ ಕೆಲಸ ಬದಲಾಗಲೇಬೇಕು ಅನ್ನುವ ಗುಂಪಿಗೆ ಬೇಗ ಬಂದು ಸೇರ್ತದೆ.

ಒಂದೇ ಒಂದು ಸಂಖ್ಯೆ: ತುದಿ ತೂಕ

ಈಗ ಲೆಕ್ಕಕ್ಕೆ ಬರೋಣ. ಕೋಲನ್ನು ನೆಟ್ಟಗೆ ನಿಲ್ಲಿಸಿದರೆ ಅದರ ಭಾರವೆಲ್ಲ ನೇರವಾಗಿ ಕೆಳಗೆ ಇಳಿಯುತ್ತದೆ, ಬೀಳದ ಹಾಗೆ ಒಂದು ಬೆರಳು ಕೊಟ್ಟರೂ ಸಾಕು. ವಾಲಿಸಿದ ಕೂಡಲೇ ಅದು ಬೀಳಲು ನೋಡ್ತದೆ. ಈ ಬೀಳಿಸುವ ಪ್ರಯತ್ನಕ್ಕೇ ಟಾರ್ಕ್ ಅನ್ನೋದು. ಅದನ್ನು ತಡೆಯುವುದು ಕೈ, ಕೈಯನ್ನು ತಡೆಯುವುದು ಭುಜ.

ಎಷ್ಟು ಟಾರ್ಕ್ ಅಂತ ತಿಳಿಯಲು ಒಂದು ಸುಲಭ ಉಪಾಯ ಇದೆ. ದೋಟಿಯ ಬುಡವನ್ನು ಒಂದು ಸ್ಟೂಲಿನ ಮೇಲಿಡಿ. ತುದಿಯನ್ನು ಲಗೇಜ್ ತೂಗುವ ಕೊಕ್ಕೆ ತಕ್ಕಡಿಗೆ ನೇತು ಹಾಕಿ, ಕೋಲು ಅಡ್ಡಡ್ಡವಾಗಿ ಸಮತಟ್ಟಾಗಿ ಇರುವಂತೆ ಹಿಡಿಯಿರಿ. ತಕ್ಕಡಿ ತೋರಿಸುವ ತೂಕಕ್ಕೆ ನಾವು 'ತುದಿ ತೂಕ' ಅಂತ ಹೆಸರಿಟ್ಟಿದ್ದೇವೆ. ಕೋಲು ಉದ್ದಕ್ಕೂ ಒಂದೇ ದಪ್ಪ ಇದ್ದರೆ ಅದರ ತುದಿ ತೂಕ ಒಟ್ಟು ತೂಕದ ಅರ್ಧ. ತುದಿ ಸಪೂರ ಇದ್ದರೆ ಅರ್ಧಕ್ಕಿಂತ ಕಡಿಮೆ. ಆದರೆ ತುದಿಗೆ ಕಟ್ಟಿದ ಕತ್ತಿ, ಬಳೆ, ಬಲೆ, ಬಲೆಯೊಳಗಿನ ಹಣ್ಣು ಇವಕ್ಕೆ ಯಾವ ರಿಯಾಯಿತಿಯೂ ಇಲ್ಲ, ಪೂರ್ತಿ ತೂಕ ಸೇರ್ತದೆ. ಹಾಗಾಗಿ ಬಳೆಯಲ್ಲಿ 100 ಗ್ರಾಂ ಉಳಿಸುವುದು, ಕೋಲಿನಲ್ಲಿ 200 ಗ್ರಾಂ ಉಳಿಸಿದ್ದಕ್ಕೆ ಸಮ.

ಇನ್ನು ಕೈಗೆ ಬೀಳುವ ಭಾರ. ಸೂತ್ರ ಇಷ್ಟೇ: ತುದಿ ತೂಕವನ್ನು ಕೋಲಿನ ಉದ್ದದಿಂದ ಗುಣಿಸಿ, ವಾಲಿದ ಕೋನದ ಸೈನ್‌ನಿಂದ ಗುಣಿಸಿ, ಎರಡು ಕೈಗಳ ನಡುವಿನ ಅಂತರದಿಂದ ಭಾಗಿಸಿ. ಕೋನವನ್ನು ನೆಟ್ಟಗೆ ನಿಂತ ಸ್ಥಿತಿಯಿಂದ ಅಳೆಯಬೇಕು.

ಉದಾಹರಣೆಗೆ 6 ಮೀಟರಿನ, 3 ಕೆ.ಜಿ.ಯ ಬಿದಿರು ತಗೊಳ್ಳೋಣ. ಒಂದೇ ದಪ್ಪ ಅಂದುಕೊಂಡರೆ ಅದರ ಪಾಲು 1.5 ಕೆ.ಜಿ. ಬಳೆ, ಬಲೆ, ಕತ್ತಿ ಸೇರಿ 300 ಗ್ರಾಂ. ಬಲೆಯಲ್ಲಿ ಕಾಲು ಕಿಲೋದ ಎರಡು ಹಣ್ಣು, ಅಂದ್ರೆ 500 ಗ್ರಾಂ. ಒಟ್ಟು ತುದಿ ತೂಕ 2.3 ಕೆ.ಜಿ. ಇದನ್ನು 30 ಡಿಗ್ರಿ ವಾಲಿಸಿ, ಕೈಗಳನ್ನು ಅರ್ಧ ಮೀಟರ್ ಅಂತರದಲ್ಲಿ ಹಿಡಿದರೆ: 2.3 × 6 × 0.5 ÷ 0.5 = 13.8 ಕೆ.ಜಿ. ಮೂರು ಕಿಲೋದ ಕೋಲು, ಅರ್ಧ ಕಿಲೋ ಹಣ್ಣು. ಮೇಲಿನ ಕೈ ತಡೆಯಬೇಕಾದದ್ದು ಹದಿನಾಲ್ಕು ಕಿಲೋ ಹತ್ತಿರ! ಕೆಳಗಿನ ಕೈಯೂ ಸುಮ್ಮನಿಲ್ಲ, ಅದು ಅಷ್ಟೇ ಜೋರಾಗಿ ಎದುರು ದಿಕ್ಕಿಗೆ ತಳ್ಳಬೇಕು, ಮೇಲಿಂದ ಕೋಲಿನ ಭಾರವನ್ನೂ ಹೊರಬೇಕು.

ಈಗ ಒಂದೊಂದೇ ಬದಲಾಯಿಸಿ ನೋಡೋಣ.

ಬಿದಿರಿನ ಬದಲು 1.2 ಕೆ.ಜಿ.ಯ ಹಗುರ ಕೋಲು, ಉಳಿದದ್ದೆಲ್ಲ ಅದೇ: 8.4 ಕೆ.ಜಿ.
ಅದೇ ಬಿದಿರು, ಕೈಗಳ ಅಂತರ ಮಾತ್ರ 80 ಸೆಂ.ಮೀ.: 8.6 ಕೆ.ಜಿ.
ಅದೇ ಬಿದಿರು, ಅಂತರ ಅರ್ಧ ಮೀಟರೇ, ಆದರೆ ವಾಲುವಿಕೆ 10 ಡಿಗ್ರಿ: 4.8 ಕೆ.ಜಿ.
7 ಮೀಟರಿನ 3.5 ಕೆ.ಜಿ. ಬಿದಿರು, 30 ಡಿಗ್ರಿ, ಆದರೆ ಬುಡ ನೆಲದಲ್ಲಿ ಊರಿ ಕೋಲಿನ ಮೇಲೆ 1.3 ಮೀಟರಿನಲ್ಲಿ ಕೈ: 6.9 ಕೆ.ಜಿ.
7 ಮೀಟರಿನ 1.4 ಕೆ.ಜಿ. ಹಗುರ ಕೋಲು, ಅದೇ ರೀತಿ ನೆಲಕ್ಕೆ ಊರಿದ್ದು: 4 ಕೆ.ಜಿ.

ಈ ಪಟ್ಟಿಯನ್ನು ಇನ್ನೊಂದು ಸಲ ಓದಿ. ದುಬಾರಿ ಹಗುರ ಕೋಲು ಕೊಟ್ಟಷ್ಟೇ ಲಾಭವನ್ನು ಕೈ ಅಗಲಿಸಿ ಹಿಡಿಯುವುದೂ ಹೆಚ್ಚು ಕಡಿಮೆ ಕೊಡ್ತದೆ. ನೆಲಕ್ಕೆ ಊರಿದ ಉದ್ದ ಬಿದಿರು, ಕೈಯಲ್ಲೇ ಎತ್ತಿ ಹಿಡಿದ ಹಗುರ ಕೋಲಿಗಿಂತ ಭುಜಕ್ಕೆ ಸುಖ. ಅಂದ್ರೆ ದುಡ್ಡು ಖರ್ಚು ಮಾಡುವ ಮೊದಲೇ ಅರ್ಧ ಕೆಲಸ ಮುಗಿಸಬಹುದು. ದುಡ್ಡು ಖರ್ಚು ಮಾಡಿದವರೂ ಹಿಡಿಯುವ ಕ್ರಮ ಬದಲಿಸದಿದ್ದರೆ ಅರ್ಧ ಲಾಭ ಕಳಕೊಳ್ತಾರೆ.

ಹತ್ತು ಡಿಗ್ರಿಯ ಮಾತಿಗೆ ಒಂದು ಷರತ್ತು ಇದೆ. 6 ಮೀಟರ್ ಕೋಲನ್ನು 30 ಡಿಗ್ರಿಯಿಂದ 10ಕ್ಕೆ ತರಬೇಕಾದರೆ ಹಣ್ಣಿನ ಕಡೆ ಸುಮಾರು ಎರಡು ಮೀಟರ್ ಮುಂದೆ ಹೋಗಿ ನಿಲ್ಲಬೇಕು. ಹಾಗೆ ಹಣ್ಣಿನ ಅಡಿಗೇ ಹೋದಷ್ಟೂ ಕತ್ತು ಹೆಚ್ಚು ಹಿಂದಕ್ಕೆ ಬಾಗ್ತದೆ, ಒಣ ಕಡ್ಡಿ, ಇರುವೆ, ಸೊನೆ ಎಲ್ಲ ಕಣ್ಣಿಗೇ ಬರ್ತದೆ. ಆದ್ದರಿಂದ ಪೂರ್ತಿ ಅಡಿಗೆ ಹೋಗದೆ, ಕೈಗೆ ಭಾರ ಕಡಿಮೆ ಅನ್ನಿಸುವ, ಕತ್ತಿಗೂ ಸಹ್ಯ ಅನ್ನಿಸುವ ಜಾಗ ಹುಡುಕಿಕೊಳ್ಳಬೇಕು. ಕಣ್ಣಿಗೆ ಕನ್ನಡಕ, ತಲೆಗೆ ಟೊಪ್ಪಿ ಇರಲಿ.

ಉದ್ದ ಎಷ್ಟು ಬೇಕು?

ಹಿಮದ ಮೇಲೆ ಜಾರುವ ಸ್ಕೀ ಆಟದವರ ಕೈಯಲ್ಲಿ ಎರಡು ಕೋಲು ಇರ್ತದಲ್ಲ, ಅದನ್ನು ಆರಿಸುವ ಕ್ರಮ ನಮಗೂ ಪಾಠ. ಅಂಗಡಿಯಲ್ಲಿ ಕೋಲು ಹಿಡಿದು ನಿಂತಾಗ ಮೊಣಕೈ ಸುಮಾರು 90 ಡಿಗ್ರಿ ಬಾಗಿರಬೇಕು ಅನ್ನುವುದು ಅವರ ನಿಯಮ. ಮೊದಲು ಮೈ ಅಳತೆ, ಆಮೇಲೆ ಕೋಲು. ಕಾರವಾರದಲ್ಲಿ ಹಿಮ ಬೀಳುವ ಸಂಭವ ಇಲ್ಲ, ಆದರೆ ನಿಯಮ ಇಲ್ಲೂ ನಡೀತದೆ: ದೋಟಿಯ ತುದಿ ಹಣ್ಣು ಮುಟ್ಟಿದಾಗ ನಿಮ್ಮ ಮೇಲಿನ ಕೈ ಎದೆ ಮಟ್ಟದಲ್ಲಿ ಇರಬೇಕು, ಮೊಣಕೈ ಮೈಗೆ ಹತ್ತಿರ ಇರಬೇಕು. ಕೈ ಹೆಗಲಿಗಿಂತ ಮೇಲೆ ಹೋಗ್ತಾ ಇದೆ ಅಂದರೆ ಕೋಲು ಗಿಡ್ಡ ಆಯ್ತು.

ಹಾಗಂತ ಎಲ್ಲದಕ್ಕೂ ಉದ್ದದ ಕೋಲೇ ತಗೊಂಡರೆ? ಅದೂ ತಪ್ಪು. ಕೆಳಗಿನ ಕೊಂಬೆಗೆ ಉದ್ದ ಕೋಲು ಹಿಡಿದರೆ ಜಾಸ್ತಿ ವಾಲಿಸಬೇಕಾಗ್ತದೆ. ಉದ್ದ ಹೆಚ್ಚಿದಂತೆ ಬಾಗುವಿಕೆಯೂ ಸಿಕ್ಕಾಪಟ್ಟೆ ಹೆಚ್ತದೆ. ತುದಿಯ ಭಾರಕ್ಕೆ ಕೋಲು ಬಾಗುವುದು ಉದ್ದದ ಘನಕ್ಕೆ ತಕ್ಕಂತೆ, ಅಂದ್ರೆ ಅದೇ ಕೋಲು ಎರಡು ಪಟ್ಟು ಉದ್ದ ಆದರೆ ಎಂಟು ಪಟ್ಟು ಬಾಗ್ತದೆ. ತನ್ನದೇ ಭಾರಕ್ಕಂತೂ ಹದಿನಾರು ಪಟ್ಟು. ಬಾಗಿ ತೂಗುವ ತುದಿಯನ್ನು ತೊಟ್ಟಿನ ಹತ್ತಿರ ನಿಲ್ಲಿಸಲು ಹೋಗುವ ಶ್ರಮವೆಲ್ಲ ಭುಜದ್ದೇ. ಅದಕ್ಕಾಗಿ ಒಂದೊಂದೇ ತುಂಡು ಹೊರಗೆಳೆದು ಲಾಕ್ ಮಾಡುವ ಕೋಲು, ಅಥವಾ ಬಿದಿರಾದರೆ ಗಿಡ್ಡ ಒಂದು, ಉದ್ದ ಒಂದು ಎರಡು ದೋಟಿ ಇಟ್ಟುಕೊಳ್ಳುವುದು ಒಳ್ಳೆಯದು.

ಯಾವ ವಸ್ತು?

ಇಲ್ಲಿ ನಮಗೇ ಆಶ್ಚರ್ಯ ಆದ ಒಂದು ಸಂಗತಿ ಇದೆ. ಒಂದು ವಸ್ತುವಿನ ಬಿಗುಪನ್ನು (ಗಿಗಾ ಪಾಸ್ಕಲ್‌ನಲ್ಲಿ) ಅದರ ಸಾಂದ್ರತೆಯಿಂದ ಭಾಗಿಸಿದರೆ, ತೂಕಕ್ಕೆ ತಕ್ಕ ಬಿಗುಪು ಎಷ್ಟು ಅಂತ ಸಿಗ್ತದೆ. ಉಕ್ಕು 200, ಸಾಂದ್ರತೆ 7.85, ಭಾಗಿಸಿದರೆ 25ರ ಆಸುಪಾಸು. ಅಲ್ಯೂಮಿನಿಯಂ 70, 2.7, ಅದೂ 26ರ ಹತ್ತಿರ. ಒಣ ಬಿದಿರು ಸುಮಾರು 15, 0.7, ಅಂದ್ರೆ 21. ಕಾರ್ಬನ್ ಫೈಬರ್ ಕೊಳವೆ ತಯಾರಿಯ ಮೇಲೆ ಬದಲಾಗ್ತದೆ, 120 ಮತ್ತು 1.6 ಅಂತ ಇಟ್ಟುಕೊಂಡರೆ 75. ಗ್ಲಾಸ್ ಫೈಬರ್ ಹೆಚ್ಚಾಗಿ ಬಿದಿರಿನ ಮಟ್ಟದಲ್ಲೇ ಬರ್ತದೆ.

ಅಂದ್ರೆ ಅಜ್ಜನ ಕಾಲದ ಬಿದಿರು ಅಲ್ಯೂಮಿನಿಯಂಗೆ ತೀರಾ ಹಿಂದೇನೂ ಬಿದ್ದಿಲ್ಲ. ಅದರ ತೊಂದರೆ ಬೇರೆ: ದಪ್ಪ, ಗೋಡೆ ಎಲ್ಲ ಅದು ಬೆಳೆದ ಹಾಗೆ, ನಮಗೆ ಬೇಕಾದ ಹಾಗಲ್ಲ. ಹಸಿ ಇದ್ದರೆ ನೀರಿನ ಭಾರವೂ ನಮ್ಮ ಭುಜಕ್ಕೆ. ಚೆನ್ನಾಗಿ ಒಣಗಿದ, ನೇರ ಬಿದಿರು ಆರಿಸಿ, ದಪ್ಪ ತುದಿ ಕೆಳಗೆ, ಸಪೂರ ತುದಿ ಮೇಲೆ ಬರುವಂತೆ ಹಿಡಿಯಿರಿ. ತಕ್ಕಡಿ ಪರೀಕ್ಷೆಯನ್ನು ಎರಡೂ ಕಡೆಯಿಂದ ಮಾಡಿ ನೋಡಿದರೆ ವ್ಯತ್ಯಾಸ ತಕ್ಷಣ ಗೊತ್ತಾಗ್ತದೆ.

ಕಾರ್ಬನ್ ಫೈಬರ್ ದೋಟಿ ಈಗ ಅಡಿಕೆ ತೋಟಗಳಲ್ಲಿ ಪರಿಚಿತ. ಮರ ಹತ್ತುವವರು ಸಿಗದ ಕಾಲದಲ್ಲಿ ನೆಲದ ಮೇಲೇ ನಿಂತು ಕೊನೆ ಕೊಯ್ಯಲು, ಔಷಧಿ ಹೊಡೆಯಲು ಅದು ದೊಡ್ಡ ಸಹಾಯ. ಅಂಕೋಲಾ ತಾಲೂಕಿನ ಘಟ್ಟದ ಬುಡದ ತೋಟಗಳ ಅಡಿಕೆ ಮರದ ಎತ್ತರಕ್ಕೆ ಲೋಹದ ಕೋಲು ಹಿಡಿದು ನಿಲ್ಲುವುದು ಕಷ್ಟ, ಅಲ್ಲಿ ಕಾರ್ಬನ್ನಿಗೆ ಕೊಟ್ಟ ದುಡ್ಡು ಸಾರ್ಥಕ. ಆರೇಳು ಮೀಟರಿನ ಮಾವಿಗೆ ಅದು ಬೇಕೇ ಬೇಕು ಅಂತ ಇಲ್ಲ, ಇದ್ದರೆ ಒಳ್ಳೆಯದು.

ಕಾರ್ಬನ್ ಕೊಳ್ಳುವವರು ಮೂರು ಮಾತು ನೆನಪಿಡಿ. ಒಂದು, ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ, ಅಲ್ಯೂಮಿನಿಯಂನಂತೆಯೇ. ಒದ್ದೆ ಬಿದಿರನ್ನೂ ನಂಬುವ ಹಾಗಿಲ್ಲ. ತೋಟದ ಮೇಲೆ ಅಥವಾ ಪಕ್ಕದಲ್ಲಿ ವಿದ್ಯುತ್ ತಂತಿ ಇದ್ದರೆ, ಕೋಲು ಕೈ ಜಾರಿ ಪೂರ್ತಿ ಬಿದ್ದರೂ ತಂತಿಗೆ ತಾಗದಷ್ಟು ದೂರ, ಅದಕ್ಕೂ ಮೇಲೆ ಮೂರು ಮೀಟರ್ ಬಿಟ್ಟು ನಿಲ್ಲಿ. ಹಿಡಿಕೆಯ ರಬ್ಬರ್ ನಿಮ್ಮನ್ನು ಉಳಿಸುವುದಿಲ್ಲ. ಭುಜದ ನೋವು ವಾಸಿಯಾಗಬಹುದು, ಇದು ಹಾಗಲ್ಲ. ಎರಡು, ಕಾರವಾರದ ಉಪ್ಪು ಗಾಳಿ. ಕಾರ್ಬನ್ನಿಗೆ ಅಲ್ಯೂಮಿನಿಯಂ ಲಾಕ್ ತಾಗಿ ಕೂತಿದ್ದು, ನಡುವೆ ಉಪ್ಪಿನ ತೇವ ಸೇರಿದರೆ ಅದು ಒಂದು ಸಣ್ಣ ಬ್ಯಾಟರಿಯಂತಾಗಿ ಅಲ್ಯೂಮಿನಿಯಂ ತಿಂದು ಹಾಕ್ತದೆ. ಲಾಕ್ ಬಿಗಿಯಾಗಿ ಕೂರದಿದ್ದರೆ ಮೇಲಿನ ತುಂಡು ದಡಕ್ಕನೆ ಜಾರ್ತದೆ, ಆ ಏಟು ಮಣಿಕಟ್ಟಿಗೆ. ಕೆಲಸ ಮುಗಿದ ಮೇಲೆ ಸಿಹಿ ನೀರಿನಲ್ಲಿ ತೊಳೆದು ಒರೆಸಿಡಿ. ಮೂರು, ಸೀಳು ಬಿಟ್ಟ ಕಾರ್ಬನ್ ಕೊಳವೆ ಮುನ್ಸೂಚನೆ ಕೊಡದೆ ಮುರಿಯಬಹುದು, ಅದರ ಎಳೆಗಳು ಕೈಗೆ ಚುಚ್ಚುತ್ತವೆ. ಸೀಳು ಕಂಡರೆ ಟೇಪ್ ಸುತ್ತಿ ಮುಂದುವರಿಸುವುದು ಬೇಡ.

ತುದಿಯ ಕತ್ತಿ, ಬಲೆ, ಹಿಡಿಕೆ

ಕೊಂಕಣದ ದಾಪೋಲಿ ಕೃಷಿ ವಿಶ್ವವಿದ್ಯಾಲಯದ 'ನೂತನ ಝೇಲಾ', ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಮಾವು ಕೊಯ್ಯುವ ಸಾಧನ ಇವೆಲ್ಲ ಬಳೆ, ಬಲೆ, ಕತ್ತಿ ಮೂರನ್ನೂ ಸೇರಿಸಿದ ತುದಿಗಳೇ. ಯಾವುದನ್ನೇ ತಗೊಳ್ಳಿ, ಮೂರು ಸಂಗತಿ ನೋಡಿ.

ಕತ್ತಿ ಹರಿತ ಇರಲಿ. ಮೊಂಡ ಕತ್ತಿ ಇದ್ದರೆ ಜಗ್ಗಿ ಜಗ್ಗಿ ಎಳೆಯಬೇಕು, ತೊಟ್ಟು ತುಂಡಾದ ಕೂಡಲೇ ಭಾರ ಒಮ್ಮೆಲೇ ಬಲೆಗೆ ಬೀಳ್ತದೆ. ಈ ಸೆಮ್‌ನಲ್ಲಿ ನಾವು ಓದಿದ ಒಂದು ಪಾಠ: ಭಾರವನ್ನು ನಿಧಾನ ಇಡುವ ಬದಲು ಒಮ್ಮೆಲೇ ಬಿಟ್ಟರೆ ಒತ್ತಡ ಎರಡು ಪಟ್ಟಾಗುತ್ತದೆ, ಎತ್ತರದಿಂದ ಬಿದ್ದರೆ ಇನ್ನೂ ಹೆಚ್ಚು. ಹಾಗಾಗಿ ತೀರಾ ಆಳದ ಬಲೆ ಬೇಡ, ಹಣ್ಣು ಒಂದು ಗೇಣಿಗಿಂತ ಹೆಚ್ಚು ಬೀಳದಿದ್ದರೆ ಹಣ್ಣಿಗೂ ಒಳ್ಳೆಯದು, ಭುಜಕ್ಕೂ ಒಳ್ಳೆಯದು. ಎಳೆಯುವಾಗ ಕೈಯಿಂದ ಜಗ್ಗದೆ, ಕೋಲನ್ನು ಮೈಗೆ ಹತ್ತಿರ ಹಿಡಿದು ಮಂಡಿ ಸ್ವಲ್ಪ ಬಗ್ಗಿಸಿ ಮೈ ಭಾರ ಹಾಕಿ.

ಬಲೆ ತುಂಬುವವರೆಗೆ ಕಾಯಬೇಡಿ. ನಾಲ್ಕು ಹಣ್ಣು ಸೇರಿದರೆ ತುದಿ ತೂಕಕ್ಕೆ ಇನ್ನೂ ಅರ್ಧ ಕಿಲೋ ಬಂತು. ಮೇಲಿನ ಬಿದಿರಿನ ಉದಾಹರಣೆಯಲ್ಲಿ ಅದು ಕೈಗೆ 3 ಕಿಲೋ ಜಾಸ್ತಿ. ಒಂದೆರಡು ಹಣ್ಣಿಗೊಮ್ಮೆ ಇಳಿಸಿದರೆ ನಡುವೆ ಕೈಗೂ ಕತ್ತಿಗೂ ಸ್ವಲ್ಪ ವಿರಾಮ ಸಿಗ್ತದೆ.

ಹಿಡಿಕೆಯ ದಪ್ಪ 32ರಿಂದ 50 ಮಿ.ಮೀ. ಒಳಗೆ ಇದ್ದರೆ ಗಟ್ಟಿ ಹಿಡಿತಕ್ಕೆ ಅನುಕೂಲ. ಮೇ ತಿಂಗಳ ಸೆಖೆಗೆ ಬೆವತ ಕೈ ಜಾರ್ತದೆ, ಜಾರಬಾರದು ಅಂತ ಇನ್ನೂ ಬಿಗಿ ಹಿಡಿದರೆ ಮುಂಗೈಯಿಂದ ಭುಜದವರೆಗೆ ಎಲ್ಲವೂ ಬಿಗಿಯಾಗ್ತದೆ. ಹಳೇ ಸೈಕಲ್ ಟ್ಯೂಬ್ ಸುತ್ತಿದರೂ ಸಾಕು. ಆದರೆ ಹಗ್ಗ ಕಟ್ಟಿ ಮಣಿಕಟ್ಟಿಗೆ ಸುತ್ತಿಕೊಳ್ಳಬೇಡಿ. ಸ್ಕೀ ಆಟದವರು ಕೋಲು ಬಿಡದೆ ಬಿದ್ದಾಗ ಹೆಬ್ಬೆರಳ ಬುಡದ ಕಟ್ಟು ಹರಿಯುವುದು ಎಷ್ಟು ಸಾಮಾನ್ಯ ಅಂದರೆ ಅದಕ್ಕೆ 'ಸ್ಕೀಯರ್ಸ್ ಥಂಬ್' ಅಂತಲೇ ಹೆಸರು. ದೋಟಿ ಬೀಳಲು ಹೊರಟರೆ ಬಿಟ್ಟು ದೂರ ಸರಿಯಲು ಸಾಧ್ಯ ಆಗಬೇಕು.

ಕೊಳ್ಳುವ ಮೊದಲು

ಅಂಗಡಿಗೆ ಲಗೇಜ್ ತಕ್ಕಡಿ ತಗೊಂಡು ಹೋಗಿ. ಯಾರು ಕೆಲಸ ಮಾಡುತ್ತಾರೋ ಅವರನ್ನೂ ಕರಕೊಂಡು ಹೋಗಿ. ದುಡ್ಡು ಕೊಡುವವರ ಎತ್ತರಕ್ಕೆ ಆರಿಸಿದ ದೋಟಿ ಕೊಯ್ಯುವ ಅಕ್ಕನ ಎತ್ತರಕ್ಕೆ ಸರಿ ಹೋಗಬೇಕಂತಿಲ್ಲ. ಕೋಲನ್ನು ಪೂರ್ತಿ ಬಿಡಿಸಿ, ತುದಿಗೆ ಬಲೆ ಕಟ್ಟಿ, ಅದರೊಳಗೆ ಅರ್ಧ ಲೀಟರ್ ನೀರಿನ ಬಾಟಲಿ ಇಟ್ಟು ತುದಿ ತೂಕ ನೋಡಿ. ಒಂದೇ ಉದ್ದದ ಎರಡು ಕೋಲುಗಳಲ್ಲಿ ಯಾವುದರ ತುದಿ ತೂಕ ಕಡಿಮೆಯೋ ಅದು ಭುಜಕ್ಕೆ ಹಗುರ, ಒಟ್ಟು ತೂಕ ತುಸು ಹೆಚ್ಚಿದ್ದರೂ ಸಹ. ಆಮೇಲೆ ಬುಡ ನೆಲಕ್ಕೆ ಊರಿ, ವಾಲಿಸಿ, ಒಂದು ನಿಮಿಷ ಹಿಡಿದು ನೋಡಿ. ತುದಿ ತುಂಬಾ ತೂಗಿದರೆ ಆ ಉದ್ದಕ್ಕೆ ಆ ಕೋಲು ಸಾಲದು. ಬುಡಕ್ಕೆ ರಬ್ಬರ್ ಬುಚ್ಚು ಇದೆಯೇ, ಲಾಕ್‌ಗಳು ಒದ್ದೆ ಕೈಯಲ್ಲೂ ಬಿಗಿ ಆಗ್ತವೆಯೇ ನೋಡಿ.

ಎಷ್ಟೇ ಒಳ್ಳೆಯ ಕೋಲಾದರೂ ಬೆಳಗಿನಿಂದ ಸಂಜೆವರೆಗೆ ಒಬ್ಬರೇ ಹಿಡಿಯುವುದಲ್ಲ. ಒಬ್ಬರು ಕೊಯ್ದರೆ ಇನ್ನೊಬ್ಬರು ಬುಟ್ಟಿಗೆ ಹಾಕಲಿ, ಅರ್ಧ ಗಂಟೆಗೊಮ್ಮೆ ಅದಲು ಬದಲಾಗಲಿ. ರಾತ್ರಿ ಆ ಮಗ್ಗುಲಿಗೆ ಮಲಗಿದರೆ ಭುಜ ನೋಯುವುದು, ತಲೆ ಬಾಚಲು ಕೈ ಎತ್ತಲಾಗದಿರುವುದು, ಕೈಯ ಬಲ ಕಡಿಮೆಯಾಗುವುದು ಇವುಗಳಲ್ಲಿ ಯಾವುದಾದರೂ ಇದ್ದರೆ ಎಣ್ಣೆ ತಿಕ್ಕಿ ಸೀಸನ್ ಮುಗಿಸೋಣ ಅಂತ ಕೂರದೆ ಡಾಕ್ಟರಿಗೆ ತೋರಿಸಬೇಕು. ರಜ್ಜು ಊದಿಕೊಂಡ ಹಂತದಲ್ಲಿ ವಿಶ್ರಾಂತಿ, ವ್ಯಾಯಾಮಗಳಿಂದ ಸರಿ ಹೋಗುವುದು ಎಷ್ಟೋ ಇದೆ. ಹರಿದ ಮೇಲೆ ದಾರಿ ಉದ್ದ.

ನಮ್ಮ ಓದುಗರಲ್ಲಿ ಮನೆ ಹಿಂದೆ ಮಾವಿನ ಮರ ಇರುವವರು ಬಹಳ ಮಂದಿ. ಈ ಸಲ ರಜೆಗೆ ಹೋದಾಗ ಮೂಲೆಯಲ್ಲಿ ಒರಗಿಸಿಟ್ಟ ದೋಟಿಯ ತುದಿ ತೂಕ ಅಳೆಯಿರಿ, ಉದ್ದ ಬರಕೊಳ್ಳಿ, ಮೇಲಿನ ಸೂತ್ರಕ್ಕೆ ಹಾಕಿ. ಬಂದ ಉತ್ತರವನ್ನು ಮನೆಯಲ್ಲಿ ದೋಟಿ ಹಿಡಿಯುವವರಿಗೆ ಹೇಳಿ. ಹೇಳಿದ ಮೇಲೆ ಒಂದು ಬುಟ್ಟಿ ನೀವೇ ಕೊಯ್ದು ಕೊಡಿ, ಬುಡ ನೆಲಕ್ಕೆ ಊರಿಕೊಂಡು.